ಮ್ಯಾಕ್ರೋದಿಂದ ಶೇರ್‌ಪಾಯಿಂಟ್ ಲೈಬ್ರರಿಗೆ ಸೇವ್: ಕೈಯಲ್ಲಿ ಮಾಡಿದರೆ ಆಗುತ್ತದೆ, ಮ್ಯಾಕ್ರೋ ಓಡಿಸಿದರೆ ಎರರ್ 1004

ತಿಂಗಳಕೊನೆ · ಸೋಮವಾರ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ನಾನು ಕೋಡ್ ಬರೆಯುವವನಲ್ಲ, ಲೆಕ್ಕ ಬರೆಯುವವನು. ಮೂರು ವರ್ಷದ ಹಿಂದೆ ಅಲ್ಲಿ ಇಲ್ಲಿ ನೋಡಿ ಒಂದು ಎಕ್ಸೆಲ್ ಮ್ಯಾಕ್ರೋ ಮಾಡಿಕೊಂಡಿದ್ದೆ. ಒಂದು ದೊಡ್ಡ ಫೈಲ್, ಅದರಲ್ಲಿ 14 ಶೀಟು, ವಿಭಾಗಕ್ಕೊಂದು. ಬಟನ್ ಒತ್ತಿದರೆ ಒಂದೊಂದು ಶೀಟೂ ಬೇರೆ ಬೇರೆ ಫೈಲ್ ಆಗಿ ಝಡ್ ಡ್ರೈವ್‌ನಲ್ಲಿ (ಆಫೀಸಿನವರೆಲ್ಲಾ ಬಳಸುವ ನೆಟ್‌ವರ್ಕ್ ಡ್ರೈವ್) ಹೋಗಿ ಕೂರುತ್ತಿತ್ತು. ಹೆಸರಿನ ಕೊನೆಗೆ ಆ ದಿನದ ತಾರೀಖು. ಒಂದು ಕಾಫಿ ಮುಗಿಯುವುದರೊಳಗೆ ಕೆಲಸ ಮುಗಿಯುತ್ತಿತ್ತು.

ಈಗ ಝಡ್ ಡ್ರೈವ್ ತೆಗೆದುಬಿಟ್ಟರು. ಎಲ್ಲವೂ ಶೇರ್‌ಪಾಯಿಂಟ್‌ಗೆ, ಅಂದರೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಫೈಲ್ ಜಾಗಕ್ಕೆ, ಹೋಯಿತು. ಅಲ್ಲಿ ಫೈಲ್ ಇಡುವ ಜಾಗವನ್ನು ಲೈಬ್ರರಿ ಅನ್ನುತ್ತಾರೆ. ನಾನು ಮಾಡಿದ್ದು ಇಷ್ಟೇ: ಕೋಡಿನಲ್ಲಿ ಝಡ್ ಇದ್ದ ಕಡೆ ಶೇರ್‌ಪಾಯಿಂಟ್ ಫೋಲ್ಡರ್‌ನ ಲಿಂಕ್ ಕಾಪಿ ಮಾಡಿ ಹಾಕಿದೆ. ಬೇರೇನೂ ಮುಟ್ಟಿಲ್ಲ. ರನ್ ಮಾಡಿದರೆ ಸೇವ್‌ಆ್ಯಸ್ ಸಾಲಿನಲ್ಲಿ ರನ್‌ಟೈಮ್ ಎರರ್ 1004. ಕೈಯಲ್ಲಿ ಫೈಲ್, ಸೇವ್ ಆ್ಯಸ್ ಅಂತ ಮಾಡಿದರೆ ಅದೇ ಫೋಲ್ಡರ್‌ಗೆ ಆರಾಮಾಗಿ ಹೋಗುತ್ತದೆ. ಮ್ಯಾಕ್ರೋಗೆ ಮಾತ್ರ ಏನು ತೊಂದರೆ?

ಸಾಲುಕಂಬ · 10:20

ನಮ್ಮಲ್ಲೂ ಇದೇ ಗೋಳು. ಉತ್ತರ ಬಂದರೆ ನೋಡೋಣ ಅಂತ ಕೂತಿದ್ದೇನೆ.

ಹಳೇಮ್ಯಾಕ್ರೋ · 10:41

ಲಿಂಕ್ ಎಲ್ಲಿಂದ ಕಾಪಿ ಮಾಡಿದಿರಿ ಸರ್? "ಕಾಪಿ ಲಿಂಕ್" ಬಟನ್ ಒತ್ತಿದಿರಾ? ಆ ವಿಳಾಸದ ನಡುವೆ ಎರಡು ಕೋಲನ್ ನಡುವೆ ಸಿಕ್ಕಿಕೊಂಡ ಒಂದು ಎಫ್ ಇದೆಯಾ? ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಉದ್ದದ ಅಕ್ಷರಮಾಲೆ?

ತಿಂಗಳಕೊನೆ · 10:55

ಹೌದು, ಎರಡೂ ಇವೆ. ಕಣ್ಣಲ್ಲೇ ನೋಡಿದ ಹಾಗೆ ಹೇಳಿದಿರಿ.

ಹಳೇಮ್ಯಾಕ್ರೋ · 11:30

ಹತ್ತರಲ್ಲಿ ಎಂಟು ಜನ ಮೊದಲು ಬೀಳುವುದು ಅಲ್ಲೇ. ಅದು ಫೋಲ್ಡರ್‌ನ ವಿಳಾಸ ಅಲ್ಲ, ಇನ್ನೊಬ್ಬರಿಗೆ ಕಳಿಸಲು ಮಾಡಿದ ಹಂಚಿಕೆ ಲಿಂಕ್. ಬ್ರೌಸರ್‌ಗೆ ಅರ್ಥವಾಗುತ್ತದೆ. ಸೇವ್‌ಆ್ಯಸ್‌ಗೆ ಬೇಕಾಗಿರುವುದು ಶುದ್ಧ ದಾರಿ: ಸೈಟು, ಲೈಬ್ರರಿ, ಫೋಲ್ಡರ್, ಫೈಲ್ ಹೆಸರು, ನಡುವೆ ಸ್ಲ್ಯಾಶ್. ಅಷ್ಟೇ.

ಅದನ್ನು ಕೈಯಲ್ಲಿ ಕತ್ತರಿಸಿ ಸರಿಮಾಡಲು ಹೋಗಬೇಡಿ. ಸುಲಭದ ದಾರಿ ಇದೆ. ಆ ಫೋಲ್ಡರ್‌ನಲ್ಲಿರುವ ಯಾವುದಾದರೂ ಎಕ್ಸೆಲ್ ಫೈಲನ್ನು ಡೆಸ್ಕ್‌ಟಾಪ್ ಎಕ್ಸೆಲ್‌ನಲ್ಲೇ ತೆರೆಯಿರಿ, ಬ್ರೌಸರ್‌ನಲ್ಲಿ ಅಲ್ಲ. ಆಲ್ಟ್ ಎಫ್11 ಒತ್ತಿ. ಕಂಟ್ರೋಲ್ ಜಿ ಒತ್ತಿದರೆ ಕೆಳಗೆ ಇಮ್ಮಿಡಿಯೇಟ್ ವಿಂಡೋ ಬರುತ್ತದೆ. ಅಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಆ್ಯಕ್ಟಿವ್‌ವರ್ಕ್‌ಬುಕ್.ಪಾತ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಎಕ್ಸೆಲ್ ತಾನೇ ಆ ಫೋಲ್ಡರನ್ನು ಯಾವ ಹೆಸರಿನಿಂದ ಕರೆಯುತ್ತದೆ ಎಂದು ಅದರ ಬಾಯಿಂದಲೇ ಬರುತ್ತದೆ. ಅದನ್ನೇ ಹಾಕಿ.

ಇನ್ನೊಂದು. ಪರದೆ ಮೇಲೆ ಲೈಬ್ರರಿ ಹೆಸರು "ಡಾಕ್ಯುಮೆಂಟ್ಸ್" ಅಂತ ಕಾಣುತ್ತದೆ, ಆದರೆ ವಿಳಾಸದಲ್ಲಿ ಅದು "ಶೇರ್ಡ್ ಡಾಕ್ಯುಮೆಂಟ್ಸ್". ಯಾರಾದರೂ ಲೈಬ್ರರಿಗೆ ಹೊಸ ಹೆಸರಿಟ್ಟರೂ ಕಾಣುವ ಹೆಸರು ಮಾತ್ರ ಬದಲಾಗುತ್ತದೆ, ವಿಳಾಸದಲ್ಲಿ ಹಳೇದೇ ಉಳಿಯುತ್ತದೆ. ಪರದೆ ನೋಡಿ ಟೈಪ್ ಮಾಡಿದವರು ಇಲ್ಲೂ ಬೀಳುತ್ತಾರೆ.

ಸೇವ್‌ಆ್ಯಸ್ ಸಾಲಿನಲ್ಲಿ ಫೈಲ್‌ಫಾರ್ಮ್ಯಾಟ್ ಕೊಟ್ಟಿದ್ದೀರಾ? ಮ್ಯಾಕ್ರೋ ಇಲ್ಲದ ಮಾಮೂಲಿ ಫೈಲ್‌ಗೆ 51, ಮ್ಯಾಕ್ರೋ ಇರುವುದಕ್ಕೆ 52. ಹೆಸರಿನ ಬಾಲ ಒಂದು, ಒಳಗಿನ ಸಂಖ್ಯೆ ಇನ್ನೊಂದು ಆದರೆ ಅದೂ ಕೈಕೊಡುತ್ತದೆ.

ತಿಂಗಳಕೊನೆ · ಮಧ್ಯಾಹ್ನ 12:18

ನೀವು ಹೇಳಿದ ಹಾಗೇ ಇಮ್ಮಿಡಿಯೇಟ್ ವಿಂಡೋದಲ್ಲಿ ವಿಳಾಸ ತೆಗೆದು ಹಾಕಿದೆ. 51 ಮೊದಲೇ ಇತ್ತು. ಈಗ ಸೇವ್‌ಆ್ಯಸ್ ತನಕ ಹೋಗುತ್ತಲೇ ಇಲ್ಲ. ಅದಕ್ಕಿಂತ ಮೇಲೆ ಒಂದು ಡಿರ್ ಸಾಲಿದೆ, ಅದೇ ಹೆಸರಿನ ಫೈಲ್ ಮೊದಲೇ ಇದೆಯಾ ಅಂತ ನೋಡುವುದಕ್ಕೆ. ಅಲ್ಲಿ ಎರರ್ 52 ಬರುತ್ತಿದೆ. ಒಂದು ಹೋಯಿತು ಅಂದರೆ ಇನ್ನೊಂದು.

ಹಳೇಮ್ಯಾಕ್ರೋ · 12:40

ಇದು ಒಳ್ಳೆಯ ಸುದ್ದಿ, ಮುಂದೆ ಹೋಗಿದ್ದೀರಿ.

ವಿಷಯ ಏನಂದರೆ, ವಿಬಿಎ (ಮ್ಯಾಕ್ರೋ ಬರೆಯುವ ಭಾಷೆ) ಒಳಗೆ ಎರಡು ತರಹದ ಆಜ್ಞೆಗಳಿವೆ. ಸೇವ್‌ಆ್ಯಸ್, ವರ್ಕ್‌ಬುಕ್ಸ್.ಓಪನ್ ಇವು ಎಕ್ಸೆಲ್‌ನವು. ಎಕ್ಸೆಲ್‌ಗೆ ಶೇರ್‌ಪಾಯಿಂಟ್ ಗೊತ್ತು, ನೀವು ಲಾಗಿನ್ ಆಗಿರುವ ಖಾತೆ ಗೊತ್ತು, ಹಾಗಾಗಿ ಎಚ್‌ಟಿಟಿಪಿಎಸ್ ವಿಳಾಸ ಕೊಟ್ಟರೂ ನಡೆಯುತ್ತದೆ. ಡಿರ್ (ಹುಡುಕುವುದು), ಎಂಕೆಡಿರ್ (ಫೋಲ್ಡರ್ ಮಾಡುವುದು), ಕಿಲ್ (ಅಳಿಸುವುದು), ಫೈಲ್‌ಕಾಪಿ ಇವು ಆ ಕಾಲದಿಂದ ಬಂದ ಹಳೇ ಆಜ್ಞೆಗಳು. 1993ರಲ್ಲಿ ಎಕ್ಸೆಲ್ 5ರ ಜೊತೆ ವಿಬಿಎ ಬಂದಾಗ ಫೈಲ್ ಅಂದರೆ ಡಿಸ್ಕ್ ಮೇಲಿನ ಫೈಲ್. ಅವಕ್ಕೆ ವೆಬ್ ವಿಳಾಸ ಕೊಟ್ಟರೆ "ಇದೆಂಥ ಹೆಸರು" ಅನ್ನುತ್ತವೆ. ಎರರ್ 52 ಅಂದರೆ ಅಕ್ಷರಶಃ ಅದೇ, ಕೆಟ್ಟ ಫೈಲ್ ಹೆಸರು. ಫೈಲ್‌ಸಿಸ್ಟಮ್‌ಆಬ್ಜೆಕ್ಟ್ ಕೂಡ ಅದೇ ಮನೆಯದು.

ನಿಮ್ಮ ಕೆಲಸಕ್ಕೆ ಡಿರ್ ಸಾಲು ತೆಗೆದುಹಾಕಿ. ಸೇವ್ ಮಾಡುವ ಮುಂಚೆ ಡಿಸ್‌ಪ್ಲೇಅಲರ್ಟ್ಸ್ ಫಾಲ್ಸ್ ಮಾಡಿ, ಮುಗಿದ ಮೇಲೆ ಟ್ರೂ ಮಾಡಿ. ಅದೇ ಹೆಸರಿನ ಫೈಲ್ ಇದ್ದರೆ ಕೇಳದೇ ಅದರ ಮೇಲೆ ಬರೆಯುತ್ತದೆ. ಹೆದರಬೇಡಿ, ಲೈಬ್ರರಿಯಲ್ಲಿ ವರ್ಷನ್ ಹಿಸ್ಟರಿ ಇದ್ದರೆ ಹಳೇದು ಎಲ್ಲೂ ಹೋಗುವುದಿಲ್ಲ. ಝಡ್ ಡ್ರೈವ್‌ನಲ್ಲಿ ಆ ಭಾಗ್ಯ ಇರಲಿಲ್ಲ.

ಹೊಸ ಫೋಲ್ಡರ್ ಮಾತ್ರ ಸೇವ್‌ಆ್ಯಸ್ ಮಾಡಿಕೊಡುವುದಿಲ್ಲ. ತಿಂಗಳಿಗೊಂದು ಫೋಲ್ಡರ್ ಬೇಕಿದ್ದರೆ ಮೊದಲೇ ಬ್ರೌಸರ್‌ನಲ್ಲಿ 12 ಮಾಡಿಟ್ಟುಕೊಳ್ಳಿ.

ಸಾಲುಕಂಬ · 12:52

ಇಷ್ಟೆಲ್ಲಾ ಕಷ್ಟ ಯಾಕೆ? ಲೈಬ್ರರಿಯನ್ನು ಒನ್‌ಡ್ರೈವ್‌ನಿಂದ ಸಿಂಕ್ ಮಾಡಿಕೊಂಡರೆ ಅದು ಸಿ ಡ್ರೈವ್‌ನ ಫೋಲ್ಡರ್ ಆಗುತ್ತದಲ್ವಾ? ಡಿರ್ ನಡೆಯುತ್ತದೆ, ಎಂಕೆಡಿರ್ ನಡೆಯುತ್ತದೆ, ಹಳೇ ಕೋಡ್ ಹಾಗೇ ನಡೆಯುತ್ತದೆ. ನಾವು ಈಗಷ್ಟೇ ಹಾಗೆ ಮಾಡಿ ನೋಡಿದೆವು. ಆಯಿತು!

ಬೇಲಿಕಾಯುವವ · 1:15

ಶೇರ್‌ಪಾಯಿಂಟ್ ನೋಡಿಕೊಳ್ಳುವ ಕೆಲಸ ನನ್ನದು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ.

ಸಿಂಕ್ ತಪ್ಪಲ್ಲ. ಆದರೆ ಆ ದಾರಿ ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲೂ ಬೇರೆ. ಒಬ್ಬರು "ಸಿಂಕ್" ಒತ್ತಿರುತ್ತಾರೆ, ಅವರಿಗೆ ಸಂಸ್ಥೆಯ ಹೆಸರಿನ ಫೋಲ್ಡರ್ ಒಳಗೆ ಬರುತ್ತದೆ. ಇನ್ನೊಬ್ಬರು "ಆ್ಯಡ್ ಶಾರ್ಟ್‌ಕಟ್ ಟು ಒನ್‌ಡ್ರೈವ್" ಒತ್ತಿರುತ್ತಾರೆ, ಅವರಿಗೆ ಒನ್‌ಡ್ರೈವ್ ಫೋಲ್ಡರ್ ಒಳಗೆ ಬರುತ್ತದೆ. ಮೂರನೆಯವರು ಏನೂ ಒತ್ತಿರುವುದಿಲ್ಲ. ಬಳಕೆದಾರರ ಹೆಸರಂತೂ ದಾರಿಯಲ್ಲೇ ಇರುತ್ತದೆ. ಒಬ್ಬರೇ ಓಡಿಸುವ ಮ್ಯಾಕ್ರೋಗೆ ಸರಿ, ಇಬ್ಬರಾದರೆ ರಗಳೆ.

ಇನ್ನೂ ದೊಡ್ಡ ತೊಂದರೆ ಬೇರೆ. ಸಿಂಕ್ ಫೋಲ್ಡರ್‌ಗೆ ಸೇವ್ ಆಯಿತು ಅಂದರೆ ನಿಮ್ಮ ಡಿಸ್ಕ್‌ಗೆ ಸೇವ್ ಆಯಿತು ಅಂತ. ಒನ್‌ಡ್ರೈವ್ ಸಿಂಕ್ ನಿಲ್ಲಿಸಿಟ್ಟಿದ್ದರೆ, ಲಾಗಿನ್ ಹೋಗಿದ್ದರೆ, ಫೈಲ್ ಅಲ್ಲೇ ಕೂತಿರುತ್ತದೆ. ಮ್ಯಾಕ್ರೋ "ಮುಗಿಯಿತು" ಅನ್ನುತ್ತದೆ. ನೀವು "ಹಾಕಿದ್ದೇನೆ ನೋಡಿ" ಅಂತ ಎಲ್ಲರಿಗೂ ಮೇಲ್ ಕಳಿಸುತ್ತೀರಿ. ಅಲ್ಲಿ ನೋಡಿದರೆ ಏನೂ ಇಲ್ಲ. ವಿಳಾಸಕ್ಕೆ ನೇರ ಸೇವ್ ಮಾಡುವಾಗ ಇಂಥ ತೊಂದರೆ ಇದ್ದರೆ ಬಹಳಷ್ಟು ಸಲ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಸುಮ್ಮನೆ ಇರುವುದಕ್ಕಿಂತ ಬೈಯುವ ಮ್ಯಾಕ್ರೋ ನನಗೆ ಇಷ್ಟ.

ಸಾಲುಕಂಬ · 1:22

ಅಯ್ಯೋ, ಅದು ಹೊಳೆದಿರಲಿಲ್ಲ. ಹಾಗಾದರೆ ಲೈಬ್ರರಿಯನ್ನೇ ಮತ್ತೆ ಝಡ್ ಅಂತ ಮ್ಯಾಪ್ ಮಾಡಿಕೊಂಡರೆ? ಒಬ್ಬರು ಹಾಗೆ ಹೇಳಿದರು.

ಬೇಲಿಕಾಯುವವ · 1:30

ಬೇಡ. ಅದು ವೆಬ್‌ಡಾವ್ (ವೆಬ್ ಜಾಗವನ್ನು ಡ್ರೈವ್ ತರಹ ತೋರಿಸುವ ಹಳೇ ವಿಧಾನ) ಮೇಲೆ ನಿಂತಿದೆ. ವಿಂಡೋಸ್‌ನ ವೆಬ್‌ಕ್ಲೈಂಟ್ ಸರ್ವಿಸ್ ಓಡುತ್ತಿರಬೇಕು. ಆ ಸರ್ವಿಸನ್ನು 2023ರಲ್ಲೇ ಮೈಕ್ರೋಸಾಫ್ಟ್ ಕೈಬಿಡುವ ಪಟ್ಟಿಗೆ ಸೇರಿಸಿದೆ. ಈಗ ಅದರ ಮೇಲೆ ಹೊಸದೇನೂ ಕಟ್ಟಬೇಡಿ.

ತಿಂಗಳಕೊನೆ · 3:05

ಆಯಿತು! 14 ಫೈಲೂ ಹೋದವು. ಹಳೇಮ್ಯಾಕ್ರೋ ಗುರುಗಳಿಗೆ ದೊಡ್ಡ ನಮಸ್ಕಾರ.

ಆದರೆ ಇನ್ನೊಂದು ವಿಚಿತ್ರ. ನಾನು ರಜೆ ಹಾಕಿದಾಗ ಓಡಿಸಲಿ ಅಂತ ಇದೇ ಫೈಲನ್ನು ಪಕ್ಕದ ಸೀಟಿನ ಮೇಡಂಗೆ ಕೊಟ್ಟೆ. ಅವರ ಕಂಪ್ಯೂಟರ್‌ನಲ್ಲಿ ಮತ್ತೆ 1004. ಅದೇ ಕೋಡ್, ಅದೇ ವಿಳಾಸ, ಲೈಬ್ರರಿಯಲ್ಲಿ ನನಗಿರುವ ಅನುಮತಿಯೇ ಅವರಿಗೂ ಇದೆ. ಕೈಯಲ್ಲಿ ಸೇವ್ ಮಾಡಿದರೆ ಆಗುತ್ತದೆ. ಹೆಸರಿನ ಸಾಲು ಹೀಗಿದೆ: ವಿಭಾಗದ ಹೆಸರು, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ಫಾರ್ಮ್ಯಾಟ್ ಆಫ್ ಡೇಟ್, "ಡಿಡಿ/ಎಂಎಂ/ವೈವೈವೈವೈ".

ಬೇಗಬೇಡ · 3:11

ಸ್ಲ್ಯಾಶ್! ಸ್ಲ್ಯಾಶ್!

ತಿಂಗಳಕೊನೆ · 3:14

ಆದರೆ ನನ್ನ ಫೈಲ್ ಹೆಸರಲ್ಲಿ ಸ್ಲ್ಯಾಶ್ ಬಂದಿಲ್ಲವಲ್ಲ. ಲೈಬ್ರರಿಯಲ್ಲಿ ಈಗಲೂ ನೋಡುತ್ತಿದ್ದೇನೆ, ನಡುವೆ ಸಣ್ಣ ಅಡ್ಡಗೆರೆ ಇದೆ.

ಬೇಗಬೇಡ · 3:36

ಅದೇ ಮಜಾ ಇರುವುದು. ನಾನು ಈ ಹಳ್ಳಕ್ಕೆ ಒಮ್ಮೆ ಬಿದ್ದು ಎರಡು ದಿನ ಕಳೆದಿದ್ದೇನೆ, ಅದಕ್ಕೇ ಕೂಗಿದೆ.

ಫಾರ್ಮ್ಯಾಟ್ ಒಳಗೆ ನೀವು ಬರೆದ ಸ್ಲ್ಯಾಶ್ ನಿಜವಾದ ಸ್ಲ್ಯಾಶ್ ಅಲ್ಲ. "ಇಲ್ಲಿ ತಾರೀಖು ಬಿಡಿಸುವ ಗುರುತು ಹಾಕು" ಅಂತ ಅದರ ಅರ್ಥ. ಆ ಗುರುತು ಯಾವುದು ಎಂದು ವಿಂಡೋಸ್ ಸೆಟ್ಟಿಂಗ್ ಹೇಳುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಅಡ್ಡಗೆರೆ ಇದೆ, ಹಾಗಾಗಿ, ಉದಾಹರಣೆಗೆ, 31-03-2025 ಅಂತ ಬರುತ್ತದೆ. ಮೇಡಂ ಕಂಪ್ಯೂಟರ್‌ನಲ್ಲಿ ಸ್ಲ್ಯಾಶ್ ಇದೆ, 31/03/2025 ಅಂತ ಬರುತ್ತದೆ. ಖರೀದಿ ವಿಭಾಗದ ಶೀಟು ಅಂದುಕೊಳ್ಳಿ, ಆಗ ಎಕ್ಸೆಲ್ ಏನು ತಿಳಿದುಕೊಳ್ಳುತ್ತದೆ? "ಖರೀದಿ 31" ಅಂತ ಒಂದು ಫೋಲ್ಡರ್, ಅದರೊಳಗೆ "03" ಅಂತ ಇನ್ನೊಂದು, ಅದರೊಳಗೆ "2025" ಅಂತ ಫೈಲ್. ಅಂಥ ಫೋಲ್ಡರ್ ಇಲ್ಲ, ಹಾಗಾಗಿ 1004.

ಝಡ್ ಡ್ರೈವ್ ಇದ್ದಾಗಲೂ ಅವರು ಓಡಿಸಿದ್ದರೆ ಹೀಗೇ ಆಗುತ್ತಿತ್ತು. ಮೂರು ವರ್ಷ ನೀವೊಬ್ಬರೇ ಓಡಿಸಿದಿರಿ, ಅದಕ್ಕೆ ಗೊತ್ತಾಗಲಿಲ್ಲ. ಶೇರ್‌ಪಾಯಿಂಟ್ ಪಾಪ ಇದರಲ್ಲಿ ನಿರಪರಾಧಿ.

"ವೈವೈವೈವೈ-ಎಂಎಂ-ಡಿಡಿ" ಅಂತ ಬರೆಯಿರಿ. ಅಡ್ಡಗೆರೆ ಎಲ್ಲ ಕಡೆ ಅಡ್ಡಗೆರೆಯೇ. ಜೊತೆಗೆ ಲೈಬ್ರರಿಯಲ್ಲಿ ಹೆಸರಿನ ಪ್ರಕಾರ ಜೋಡಿಸಿದಾಗ ತಿಂಗಳು ತಿಂಗಳು ಸಾಲಾಗಿ ನಿಲ್ಲುತ್ತವೆ.

ತಿಂಗಳಕೊನೆ · 3:58

ಮೇಡಂ ಕಂಪ್ಯೂಟರ್‌ನಲ್ಲೂ ಆಯಿತು. ಅವರು ಕೇಳಿದ್ದು: "ಒಂದು ಗೆರೆ ವಾಲಿದ್ದಕ್ಕೆ ಇಷ್ಟು ಹೊತ್ತಾ?"

ಕಾಗುಣಿತ · ಮಂಗಳವಾರ, 9:20

ಒಳ್ಳೆಯ ಹೊತ್ತಿಗೆ ಈ ಚರ್ಚೆ ಕಣ್ಣಿಗೆ ಬಿತ್ತು. ನನ್ನದೂ 1004, ಆದರೆ ತಾರೀಖು ಇಲ್ಲ, ವಿಳಾಸವೂ ಸರಿ ಇದೆ. ನಾನು ಫೈಲ್ ಹೆಸರನ್ನು ಕನ್ನಡದಲ್ಲಿ ಇಡುತ್ತೇನೆ. ಕೋಡಿನಲ್ಲಿ "ವರದಿ" ಅಂತ ಪೇಸ್ಟ್ ಮಾಡಿದರೆ ನಾಲ್ಕು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಫಾಂಟ್ ತೊಂದರೆ ಇರಬಹುದು ಅಂತ ಬಿಟ್ಟಿದ್ದೆ. ಅದೇ ಕಾರಣವಾ?

ಹಳೇಮ್ಯಾಕ್ರೋ · 9:47

ಅದೇ ಕಾರಣ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ವಿಬಿಎ ಬರೆಯುವ ಕಿಟಕಿಗೆ ಯೂನಿಕೋಡ್ (ಕನ್ನಡದಂಥ ಎಲ್ಲ ಲಿಪಿಗಳಿಗೂ ಇರುವ ಸಂಕೇತ) ಬರುವುದಿಲ್ಲ. ಕನ್ನಡ ಪೇಸ್ಟ್ ಮಾಡಿದ ಕ್ಷಣವೇ ಅಕ್ಷರಗಳು ಹೋಗಿ ಅವುಗಳ ಜಾಗದಲ್ಲಿ ನಿಜವಾದ ಪ್ರಶ್ನಾರ್ಥಕ ಚಿಹ್ನೆಗಳು ಕೂರುತ್ತವೆ. ನೀವು ಲೆಕ್ಕ ಮಾಡಿದ ನಾಲ್ಕೂ ಸರಿ: ವ, ರ, ದ, ಗುಡಿಸು. ಕಂಪ್ಯೂಟರ್‌ಗೆ ಗುಡಿಸೂ ಒಂದು ಅಕ್ಷರವೇ. ಫೈಲ್ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವಂತಿಲ್ಲ. ಹಾಗಾಗಿ 1004.

ಆದರೆ ಎಕ್ಸೆಲ್ ಸೆಲ್ ಒಳಗೆ ಕನ್ನಡ ಚೆನ್ನಾಗಿಯೇ ಇರುತ್ತದೆ. ಒಂದು ಶೀಟ್ ಮಾಡಿ, "ಸೆಟ್ಟಿಂಗ್" ಅಂತ ಹೆಸರಿಡಿ. ಒಂದು ಸೆಲ್‌ನಲ್ಲಿ ಫೋಲ್ಡರ್ ವಿಳಾಸ, ಕೆಳಗೆ ವಿಭಾಗದ ಹೆಸರುಗಳು. ಕೋಡ್ ಆ ಸೆಲ್‌ನ ವ್ಯಾಲ್ಯೂ ಓದಿಕೊಳ್ಳಲಿ. ಸೇವ್‌ಆ್ಯಸ್ ಅದನ್ನು ಹಾಗೇ ತೆಗೆದುಕೊಂಡು ಕನ್ನಡದಲ್ಲೇ ಸೇವ್ ಮಾಡುತ್ತದೆ. ಮೆಸೇಜ್ ಬಾಕ್ಸ್‌ನಲ್ಲಿ ತೋರಿಸಿ ನೋಡಬೇಡಿ, ಅಲ್ಲಿ ಮತ್ತೆ ಪ್ರಶ್ನಾರ್ಥಕವೇ ಬರುತ್ತದೆ, ಸುಮ್ನೆ ಗಾಬರಿ.

ವಿಳಾಸವನ್ನು ಸೆಲ್‌ನಲ್ಲಿ ಇಡುವುದು ಇಂಗ್ಲಿಷ್ ಹೆಸರಿನವರಿಗೂ ಒಳ್ಳೆಯದು. ನಾಳೆ ಲೈಬ್ರರಿ ಬದಲಾದರೆ ಕೋಡ್ ತೆರೆಯಬೇಕಿಲ್ಲ.

ಬೇಲಿಕಾಯುವವ · 10:02

ಕನ್ನಡ ಹೆಸರಿನವರಿಗೆ ಒಂದು ಮಾತು. ಬ್ರೌಸರ್‌ನಿಂದ ವಿಳಾಸ ಕಾಪಿ ಮಾಡಿದರೆ ಪ್ರತಿ ಕನ್ನಡ ಅಕ್ಷರವೂ ಶೇಕಡಾ ಚಿಹ್ನೆಗಳ ಜೊತೆ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ. ಎಕ್ಸೆಲ್‌ಗೆ ಪೂರ್ತಿ ದಾರಿ 218 ಅಕ್ಷರ ದಾಟಬಾರದು, ಶೇರ್‌ಪಾಯಿಂಟ್ 400ರ ತನಕ ಬಿಡುತ್ತದೆ. ಫೋಲ್ಡರ್ ಒಳಗೆ ಫೋಲ್ಡರ್ ಜಾಸ್ತಿ ಮಾಡಬೇಡಿ.

ಕಾಗುಣಿತ · 10:30

ಸೆಲ್‌ನಿಂದ ಓದಿಸಿದೆ. "ವರದಿ" ಈಗ ವರದಿಯಾಗಿಯೇ ಇದೆ. ಧನ್ಯವಾದ.

ಬೇಗಬೇಡ · 11:15

ತಿಂಗಳಕೊನೆ ಅವರೇ, ಒಂದು ಕೇಳುತ್ತೇನೆ. ನಿಮ್ಮ ದೊಡ್ಡ ಫೈಲ್ ಕೂಡ ಈಗ ಲೈಬ್ರರಿಯಲ್ಲೇ ಇದೆಯಾ? ಮ್ಯಾಕ್ರೋ ಶೀಟನ್ನು ಹೊಸ ಫೈಲ್‌ಗೆ ಕಾಪಿ ಮಾಡುತ್ತದಾ, ಅಥವಾ ಬೇರೆ ಶೀಟುಗಳನ್ನು ಅಳಿಸಿ ಉಳಿದದ್ದನ್ನು ಸೇವ್ ಮಾಡುತ್ತದಾ?

ನನ್ನದು ಎರಡನೆಯ ತರಹ ಇತ್ತು. ಫೈಲ್ ತೆರೆ, ಒಂದು ಬಿಟ್ಟು ಉಳಿದ ಶೀಟೆಲ್ಲಾ ಅಳಿಸು, ಹೊಸ ಹೆಸರಲ್ಲಿ ಸೇವ್ ಮಾಡು. ಮೂಲ ಫೈಲ್ ಸೇವ್ ಆಗಿರುವುದಿಲ್ಲವಲ್ಲ, ಅದು ಸುರಕ್ಷಿತ. ಡ್ರೈವ್ ಕಾಲದಲ್ಲಿ ಇದು ನಡೆಯುತ್ತಿತ್ತು. ಲೈಬ್ರರಿಗೆ ಬಂದ ಮೇಲೆ ಮೇಲ್ಗಡೆ ಮೂಲೆಯಲ್ಲಿ ಆಟೋಸೇವ್ ಅಂತ ಒಂದು ಗುಂಡಿ ತಾನಾಗಿಯೇ ಆನ್ ಆಗಿರುತ್ತದೆ. ನಾನು ನೋಡಿರಲಿಲ್ಲ. ಶೀಟು ಅಳಿಸಿದ್ದನ್ನು ಅದು ಮೂಲ ಫೈಲ್‌ಗೇ ಬರೆದುಬಿಟ್ಟಿತು. ಬೆಳಿಗ್ಗೆ ತೆರೆದರೆ ಒಂದೇ ಒಂದು ಶೀಟು ಬಿಕೋ ಅನ್ನುತ್ತಿತ್ತು. ಕೈಕಾಲು ತಣ್ಣಗಾಯಿತು. ವರ್ಷನ್ ಹಿಸ್ಟರಿ ಇದ್ದದ್ದಕ್ಕೆ ಹಿಂದಿನ ದಿನದ್ದನ್ನು ವಾಪಸ್ ತಂದೆ, ಇಲ್ಲದಿದ್ದರೆ ಆ ದಿನ ಏನಾಗುತ್ತಿತ್ತೋ.

ಈಗ ಮ್ಯಾಕ್ರೋದ ಮೊದಲ ಸಾಲೇ ಥಿಸ್‌ವರ್ಕ್‌ಬುಕ್.ಆಟೋಸೇವ್‌ಆನ್ ಈಕ್ವಲ್ ಟು ಫಾಲ್ಸ್. ಅಳಿಸುವುದನ್ನೂ ಬಿಟ್ಟೆ, ಶೀಟ್ ಕಾಪಿ ಮಾಡುತ್ತೇನೆ.

ತಿಂಗಳಕೊನೆ · 11:40

ಓದಿ ಎದೆ ಧಸಕ್ ಅಂತು. ನನ್ನದು ಕಾಪಿ ಮಾಡುವ ತರಹ, ಬಚಾವ್. ಆದರೂ ಆ ಸಾಲು ಹಾಕಿಕೊಂಡೆ.

ಹಳೇಮ್ಯಾಕ್ರೋ · 11:52

ಕಾಪಿ ಮಾಡುವವರಿಗೂ ಒಂದು ಎಚ್ಚರಿಕೆ. ಶೀಟ್‌ನಲ್ಲಿ ಬೇರೆ ಶೀಟಿನಿಂದ ಲೆಕ್ಕ ತರುವ ಫಾರ್ಮುಲಾ ಇದ್ದರೆ, ಹೊಸ ಫೈಲ್‌ನಲ್ಲಿ ಅದು ಮೂಲ ಫೈಲ್‌ಗೆ ಲಿಂಕ್ ಆಗಿ ಉಳಿಯುತ್ತದೆ. ತೆರೆದವರಿಗೆಲ್ಲಾ "ಲಿಂಕ್ ಅಪ್‌ಡೇಟ್ ಮಾಡಲಾ" ಅಂತ ಕೇಳುತ್ತದೆ. ಸೇವ್ ಮುಂಚೆ ಒಂದು ಸಾಲು: ಯೂಸ್ಡ್‌ರೇಂಜ್.ವ್ಯಾಲ್ಯೂ ಈಕ್ವಲ್ ಟು ಯೂಸ್ಡ್‌ರೇಂಜ್.ವ್ಯಾಲ್ಯೂ. ಫಾರ್ಮುಲಾ ಹೋಗಿ ಅಂಕಿ ಮಾತ್ರ ಉಳಿಯುತ್ತದೆ. ನೋಡಲು ಅರ್ಥವಿಲ್ಲದ ಸಾಲು, ಕೆಲಸ ಮಾತ್ರ ಬಂಗಾರ.

ಹೊಸಬ · 12:10

ನಾನು ಬ್ರೌಸರ್‌ನಲ್ಲಿ ಎಕ್ಸೆಲ್ ತೆರೆದು ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ. ಇದಕ್ಕೂ ವಿಳಾಸ ಸರಿಮಾಡಬೇಕಾ?

ಹಳೇಮ್ಯಾಕ್ರೋ · 12:13

ಬ್ರೌಸರ್ ಎಕ್ಸೆಲ್‌ನಲ್ಲಿ ವಿಬಿಎ ಓಡುವುದೇ ಇಲ್ಲ. "ಓಪನ್ ಇನ್ ಡೆಸ್ಕ್‌ಟಾಪ್ ಆ್ಯಪ್" ಕೊಡಿ.

ಹೊಸಬ · 12:31

ಆ ಆಯ್ಕೆ ಸಿಗಲಿಲ್ಲ ಅಂತ ಡೌನ್‌ಲೋಡ್ ಮಾಡಿ ತೆರೆದೆ. ಮೇಲೆ ಕೆಂಪು ಪಟ್ಟಿ, ಮ್ಯಾಕ್ರೋ ತಡೆದಿದ್ದೇವೆ ಅನ್ನುತ್ತಿದೆ.

ಬೇಲಿಕಾಯುವವ · 12:44

ಇಂಟರ್ನೆಟ್‌ನಿಂದ ಇಳಿಸಿದ ಫೈಲ್‌ಗಳ ಮ್ಯಾಕ್ರೋವನ್ನು 2022ರಿಂದ ಆಫೀಸ್ ತಾನಾಗಿಯೇ ತಡೆಯುತ್ತದೆ. ಫೈಲ್ ನಿಮ್ಮದೇ, ಎಲ್ಲಿಂದ ಬಂತು ಅಂತ ಖಚಿತವಾಗಿ ಗೊತ್ತು ಅಂದರೆ ಮಾತ್ರ: ಮುಚ್ಚಿ, ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೆಳಗೆ ಅನ್‌ಬ್ಲಾಕ್ ಗುರುತು ಹಾಕಿ. ಯಾರೋ ಮೇಲ್‌ನಲ್ಲಿ ಕಳಿಸಿದ್ದಕ್ಕೆ ಹೀಗೆ ಮಾಡಬೇಡಿ.

ತಿಂಗಳಕೊನೆ · ಶುಕ್ರವಾರ, ಸಂಜೆ 5:25

ಮತ್ತೆ ಬಂದೆ, ಬೈಯಬೇಡಿ. ಇವತ್ತು ತಿಂಗಳ ಕೊನೆ. ಮ್ಯಾಕ್ರೋ ಓಡಿಸಿದೆ. ಒಂದೂ ಎರರ್ ಇಲ್ಲ. ಲೈಬ್ರರಿಯಲ್ಲಿ 14 ಫೈಲ್ ಕಾಣುತ್ತಿವೆ. ಎಲ್ಲರಿಗೂ ಮೇಲ್ ಹಾಕಿದೆ. ಐದು ನಿಮಿಷಕ್ಕೆ ಫೋನ್ ಶುರು: "ಏನೂ ಇಲ್ಲವಲ್ಲ ಸಾರ್." ಮೇಡಂ ಪರದೆಯಲ್ಲೇ ಹೋಗಿ ನೋಡಿದೆ, ನಿಜವಾಗಿಯೂ ಖಾಲಿ. ನನ್ನ ಪರದೆಯಲ್ಲಿ ಇವೆ. ಪ್ರತಿ ಫೈಲ್ ಚಿಹ್ನೆಯ ಪಕ್ಕ ಒಂದು ಸಣ್ಣ ಬಾಣ ಇದೆ. ಸೋಮವಾರ ಅದು ಇರಲಿಲ್ಲ. ನಾನು ಸಿಂಕ್ ಬಳಸಿಲ್ಲ, ನೇರ ವಿಳಾಸಕ್ಕೇ ಸೇವ್ ಮಾಡಿದ್ದು.

ಬೇಲಿಕಾಯುವವ · 5:38

ಬಾಣ ಅಂದರೆ ಚೆಕ್‌ಔಟ್, ಅಂದರೆ ಫೈಲನ್ನು ತಿದ್ದಲು ಒಬ್ಬರು ತಮ್ಮ ಹೆಸರಿಗೆ ತೆಗೆದುಕೊಂಡಿದ್ದಾರೆ ಅಂತ. ವಾಪಸ್ ಕೊಡುವುದು ಚೆಕ್‌ಇನ್. ಈ ವಾರದಲ್ಲಿ ಯಾರೋ ಲೈಬ್ರರಿ ಸೆಟ್ಟಿಂಗ್‌ನಲ್ಲಿ "ತಿದ್ದುವ ಮುಂಚೆ ಚೆಕ್‌ಔಟ್ ಕಡ್ಡಾಯ" ಅಂತ ಆನ್ ಮಾಡಿದ್ದಾರೆ. ಹಾಗಿದ್ದಾಗ ಹೊಸ ಫೈಲ್ ನಿಮ್ಮ ಹೆಸರಿಗೆ ಚೆಕ್‌ಔಟ್ ಆಗಿಯೇ ಹುಟ್ಟುತ್ತದೆ. ನೀವು ಒಮ್ಮೆ ಚೆಕ್‌ಇನ್ ಮಾಡುವ ತನಕ ಬೇರೆಯವರ ಕಣ್ಣಿಗೆ ಬೀಳುವುದೇ ಇಲ್ಲ.

ಈಗ ತಕ್ಷಣಕ್ಕೆ: ಬ್ರೌಸರ್‌ನಲ್ಲಿ 14ನ್ನೂ ಒಟ್ಟಿಗೆ ಆರಿಸಿ, ಮೇಲಿನ ಮೆನುವಿನಲ್ಲಿ ಚೆಕ್‌ಇನ್ ಕೊಡಿ. ಕಡ್ಡಾಯ ಕಾಲಂ ಏನಾದರೂ ಇಟ್ಟಿದ್ದರೆ ಅದನ್ನು ತುಂಬು ಅಂತ ಕೇಳಬಹುದು.

ತಿಂಗಳಕೊನೆ · 5:46

ಬಂದವು! ಮೇಡಂ ಪರದೆಯಲ್ಲಿ ಒಂದೊಂದಾಗಿ ಎದ್ದು ಬಂದವು. ಮುಂದಿನ ತಿಂಗಳು ಮ್ಯಾಕ್ರೋನೇ ಮಾಡುವ ಹಾಗೆ ಮಾಡಬಹುದಾ?

ಹಳೇಮ್ಯಾಕ್ರೋ · 6:05

ಮಾಡಬಹುದು. ಸೇವ್ ಆದ ಮೇಲೆ ಆ್ಯಕ್ಟಿವ್‌ವರ್ಕ್‌ಬುಕ್.ಕ್ಯಾನ್‌ಚೆಕ್‌ಇನ್ ನಿಜವಾ ಅಂತ ನೋಡಿ, ನಿಜವಾಗಿದ್ದರೆ ಚೆಕ್‌ಇನ್ ಕರೆಯಿರಿ. ಅದರಲ್ಲೇ ಒಂದು ಟಿಪ್ಪಣಿಯನ್ನೂ ಕೊಡಬಹುದು. ಚೆಕ್‌ಇನ್ ಆದ ಮೇಲೆ ಆ ಫೈಲನ್ನು ಮತ್ತೆ ಮುಟ್ಟುವ ಯಾವ ಸಾಲೂ ಕೆಳಗೆ ಇರಬಾರದು.

ಬೇಲಿಕಾಯುವವ · 6:12

ಅದಕ್ಕಿಂತ ಮೊದಲು ಲೈಬ್ರರಿ ಯಾರ ಕೈಯಲ್ಲಿದೆಯೋ ಅವರನ್ನು ಕೇಳಿ, ಈ ಕಡ್ಡಾಯ ಬೇಕೇಬೇಕಾ ಅಂತ. ವರದಿ ಹಾಕಿ ಓದುವ ಜಾಗಕ್ಕೆ ಅದು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬಹಳಷ್ಟು ಸಲ ಯಾರೋ ಏನೋ ಹುಡುಕುವಾಗ ಕೈತಪ್ಪಿ ಆನ್ ಮಾಡಿರುತ್ತಾರೆ.

ತಿಂಗಳಕೊನೆ · ಸೋಮವಾರ, 9:50

ಕೇಳಿದೆ. ಆನ್ ಮಾಡಿದ್ದು ಪಕ್ಕದ ಸೀಟಿನ ಮೇಡಂ. ಹೊಸ ಸೆಟ್ಟಿಂಗ್ ಏನೇನಿದೆ ನೋಡೋಣ ಅಂತ ಬುಧವಾರ ಒಳಗೆ ಹೋಗಿದ್ದರಂತೆ. ಈಗ ಅವರೇ ಆಫ್ ಮಾಡಿದ್ದಾರೆ. ಕ್ಯಾನ್‌ಚೆಕ್‌ಇನ್ ಸಾಲನ್ನು ನಾನು ಹಾಗೇ ಬಿಟ್ಟಿದ್ದೇನೆ.